ಮೊಮ್ಮಗಳ ಅಂಗಿಯ ಜೇಬು

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಬರೆಯುವುದು ನನಗೆ ಒಗ್ಗದ ಕೆಲಸ. ಆದರೂ ಆ ಅಂಗಿಯನ್ನು ನೆನೆದರೆ ಒಲೆಯ ಮೇಲಿನ ಹಾಲಿನ ಹಾಗೆ ಮನಸ್ಸು ಉಕ್ಕುತ್ತದೆ. ಬರೆಯದೆ ಇರಲಾರೆ.

ತೊಂಬತ್ತರ ದಶಕದ ಮಾತು. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ನಾನು ಹೆಲ್ಪರ್. ಲೈನಿನಲ್ಲಿ ಸಾಲಾಗಿ ಕೂತವರು ಒಬ್ಬೊಬ್ಬರು ಶರ್ಟಿನ ಒಂದೊಂದು ಭಾಗ ಮಾತ್ರ ಹೊಲಿಯುತ್ತಿದ್ದರು. ಹೊಲಿದು ಬಂದ, ಫಾರಿನ್ನಿಗೆ ಹೋಗುವ ಗಂಡಸರ ಶರ್ಟುಗಳಲ್ಲಿ ನೇತಾಡುವ ದಾರ ಕತ್ತರಿಸುವುದು ನನ್ನ ಕೆಲಸ. ಅಷ್ಟೊಂದು ಶರ್ಟು ಕೈ ದಾಟಿ ಹೋಗುತ್ತಿದ್ದರೂ ನಾನು ಹೊಲಿದದ್ದು ಅಂತ ಒಂದೂ ಇರಲಿಲ್ಲ. ಒಂದು ಇಡೀ ಅಂಗಿ ನನ್ನ ಕೈಯಲ್ಲೇ ಆಗಬೇಕು, ಜೂನಿನಲ್ಲಿ ಮೊಮ್ಮಗಳು ಅದನ್ನೇ ತೊಟ್ಟು ಒಂದನೇ ಕ್ಲಾಸಿಗೆ ಹೋಗಬೇಕು. ದೀಪಾವಳಿ ಕಳೆದ ಮೇಲೆ ಹುಟ್ಟಿದ ಆಸೆ ಇದು.

ಊಟದ ಹೊತ್ತಿನಲ್ಲಿ ಕಾಲರ್ ಹೊಲಿಯುವ ಹುಡುಗಿಗೆ ಹೇಳಿದೆ. ಅವಳು ಡಬ್ಬಿ ತೆಗೆಯುತ್ತಲೇ ನಕ್ಕಳು.

“ಇಡೀ ಅಂಗೀನಾ? ಅಕ್ಕಾ, ಈ ಲೈನಲ್ಲಿ ಯಾರಿಗ್ ಬರತ್ತೆ ಹೇಳು? ಐದು ವರ್ಷದಿಂದ ನಾನು ಬರೀ ಕಾಲರ್ರು. ತೋಳು ಕೊಟ್ರೆ ನಂಗೂ ಬರಲ್ಲ.”

“ಹಂಗಾದ್ರೆ ಬಿಟ್ಬಿಡ್ಲಾ?”

“ಬಿಡೋದ್ಯಾಕೆ? ಅಂಗಿ ಕಲೀಬೇಡ ನೀನು. ಮೊದ್ಲು ನೆಟ್ಟಗೆ ಹೊಲಿಗೆ ಹಾಕೋದು ಕಲಿ. ಆಮೇಲೆ ಜೇಬು. ಲೈನ್ ಹೆಂಗ್ ಹೋಗತ್ತೋ ಹಂಗೇ ಹೋಗು.”

ಹಾಗೇ ಹೋದೆ. ಬೇಗ ಉಂಡು, ಉಳಿದ ಹತ್ತು ನಿಮಿಷ ಒಬ್ಬೊಬ್ಬಳ ಪಕ್ಕ ಕೂತು ಚಿಂದಿಬಟ್ಟೆಯ ಮೇಲೆ ಕಲಿತೆ. ಸಂಕ್ರಾಂತಿಗೆ ಹೊಲಿಗೆ ನೆಟ್ಟಗಾಯಿತು. ಶಿವರಾತ್ರಿಯ ಹೊತ್ತಿಗೆ ಕಾಲರ್ರು, ಜೇಬು. ಜೇಬಂತೂ ಕಣ್ಣು ಮುಚ್ಚಿ ಹಾಕುವಷ್ಟು ಪಳಗಿತು. ಸೂಪರ್‌ವೈಸರ್ ನೋಡಿ ಕಿಚಾಯಿಸಿದರು:

“ಏನಜ್ಜಿ, ನೀನು ಟೈಲರ್ ಆಗೋಷ್ಟ್ರಲ್ಲಿ ಮಿಷನ್ನಿಗೇ ವಯಸ್ಸಾಗೋಗತ್ತೆ.”

“ಆಗ್ಲಿ ಸಾರ್, ಇಬ್ರೂ ಜೊತೇಲೇ ರಿಟೈರ್ ಆಗ್ತೀವಿ.”

ತೋಳು ಮಾತ್ರ ಸತಾಯಿಸಿತು. ಸೇರಿಸಿದಾಗಲೆಲ್ಲ ತಿರುಚಿಕೊಂಡು ಕೂರುತ್ತಿತ್ತು. ಯುಗಾದಿ ಬಂದು ಹೋಯಿತು, ತೋಳು ಬರಲಿಲ್ಲ. ಒಂದು ದಿನ ಕಣ್ಣಲ್ಲಿ ನೀರೇ ಬಂತು. ತೋಳು ಹೊಲಿಯುವವಳು ಬೈದಳು: “ಎಳೀಬೇಡ ಕಣಕ್ಕಾ! ಬಟ್ಟೆ ತಾನಾಗೇ ಬರತ್ತೆ, ಬಿಡು.” ಎಳೆಯುವುದನ್ನು ಬಿಟ್ಟೆ, ಬಂತು!

ಮೇ ತಿಂಗಳ ಭಾನುವಾರಗಳಲ್ಲಿ ಬಾಗಲಗುಂಟೆಯ ನಮ್ಮ ಪಕ್ಕದ ಮನೆಯವರ ಕಾಲುಮಿಷನ್ನಿನ ಮುಂದೆ ಕೂತೆ. ಮೊಮ್ಮಗಳ ಹಳೆಯ ಅಂಗಿಯನ್ನು ಬಿಳಿ ಬಟ್ಟೆಯ ಮೇಲೆ ಹಾಸಿ, ಬೆರಳಷ್ಟು ಹೆಚ್ಚು ಬಿಟ್ಟು ಕತ್ತರಿಸಿದೆ. ಆ ಹಳೆಯದಕ್ಕೆ ಜೇಬಿರಲಿಲ್ಲ. ಪಳಗಿದ ಕೈಯಲ್ಲವೇ, ಜೇಬನ್ನು ಅಂದಾಜಿನಲ್ಲೇ ಹಾಕಿಬಿಟ್ಟೆ.

ಸ್ಕೂಲಿನ ಹಿಂದಿನ ಸಂಜೆ ಅಂಗಿ ತೊಡಿಸಿದೆವು. ಮಗಳು ಹೊಟ್ಟೆ ಹಿಡಿದು ನಕ್ಕಳು.

“ಅವ್ವಾ, ಇದು ಜೇಬೋ, ರೇಷನ್ ಚೀಲಾನೋ?”

ಫಾರಿನ್ ಗಂಡಸರ ಶರ್ಟಿನ ಜೇಬು! ನನ್ನ ಕೈಗೆ ಗೊತ್ತಿದ್ದದ್ದು ಅದೊಂದೇ ಅಳತೆ. ಮಗುವಿನ ಎದೆಯಿಂದ ಹೊಕ್ಕುಳವರೆಗೂ ಜೇಬೇ ಜೇಬು. ಏಳು ತಿಂಗಳ ಆಸೆ ನಗೆಪಾಟಲಾಯಿತಲ್ಲ ಅಂತ ಮುಖ ಸಣ್ಣದಾಯಿತು. ಹೊಲಿಗೆ ಬಿಚ್ಚಲು ಕತ್ತರಿ ತೆಗೆದುಕೊಂಡೆ.

ಮೊಮ್ಮಗಳು ಎರಡೂ ಕೈಯಲ್ಲಿ ಜೇಬು ಮುಚ್ಚಿಕೊಂಡಳು. “ಬಿಚ್ಬೇಡ ಅಜ್ಜಿ! ನೋಡಿಲ್ಲಿ.” ಓಡಿಹೋಗಿ ಸ್ಲೇಟು ತಂದು ಜೇಬಿಗಿಳಿಸಿದಳು. ಅರ್ಧ ಒಳಗೆ, ಅರ್ಧ ಹೊರಗೆ. “ಯಾರ್ ಅಂಗೀಲಿ ಸ್ಲೇಟ್ ಹಿಡಿಯತ್ತೆ ಹೇಳು?”

ಬೆಳಿಗ್ಗೆ ಹಾಗೇ ಹೋದಳು, ಎದೆಯ ಮೇಲೆ ಸ್ಲೇಟು ಇಟ್ಟುಕೊಂಡು, ರಾಣಿಯ ಹಾಗೆ. ಬೀದಿ ತಿರುಗುವವರೆಗೂ ನಿಂತು ನೋಡಿದೆ. ಎರಡು ತೋಳೂ ಎಷ್ಟು ಚೆನ್ನಾಗಿ ಕೂತಿದ್ದವು ಅಂತೀರಿ!

ಅವತ್ತು ಫ್ಯಾಕ್ಟರಿಯಲ್ಲಿ ಜೇಬಿನ ಕತೆ ಕೇಳಿ ಲೈನಿಗೆ ಲೈನೇ ನಕ್ಕಿತು. ನಗು ನಿಂತ ಮೇಲೆ ಕಾಲರ್‌ನ ಹುಡುಗಿ ಹತ್ತಿರ ಸರಿದು, ಮೆಲ್ಲಗೆ ಕೇಳಿದಳು:

“ಅಕ್ಕಾ, ಊಟ ಆದ್ಮೇಲೆ ನಂಗೂ ತೋಳು ಹೇಳ್ಕೊಡ್ತೀಯಾ?”