ಸಹಿ ಪುಸ್ತಕ ಹಿಡಿದು ಮನೆಮನೆಗೆ

ನ್ಯಾಮತಿ ತಾಲ್ಲೂಕು ಆದ ಹೊಸದರಲ್ಲಿ, ಅಲ್ಲಿ ಕಿವಿ ಕೇಳದ ಮಕ್ಕಳ ವಸತಿ ಶಾಲೆ ನಡೆಸುವ ಟ್ರಸ್ಟೊಂದಕ್ಕೆ ನಾನು ಕಾರ್ಯದರ್ಶಿಯಾಗಿ ಸೇರಿದೆ. ಆಡಳಿತ ಮಂಡಳಿಯಲ್ಲಿ ಏಳು ಜನ. ಹೊನ್ನಾಳಿ, ಚನ್ನಗಿರಿ, ಜಗಳೂರು ಅಂತ ಚದುರಿದವರು. ಹಿಂದಿನ ಕಾರ್ಯದರ್ಶಿ ಪ್ರತಿ ಸಭೆಗೂ ಮುನ್ನ ನೋಟಿಸ್ ಪುಸ್ತಕ ಹಿಡಿದು ಒಬ್ಬೊಬ್ಬರ ಮನೆಗೂ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದರಂತೆ. ಎರಡು ದಿನ ಬಸ್ಸಿನಲ್ಲೇ ಕಳೆಯುವ ಈ ಕೆಲಸ ಕೇಳಿ ನನಗೆ ನಗು ಬಂತು. ಪುಸ್ತಕವನ್ನು ಬೀರುವಿಗೆ ಸೇರಿಸಿ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದೆ. ಬಲು ಜಾಣೆ ನಾನು!

ಆಗಲೇ ಶಾಲೆಯ ಬಾಡಿಗೆ ಕಟ್ಟಡದ ಮಾಲೀಕರು ಬೇಸಿಗೆ ರಜೆಯೊಳಗೆ ಖಾಲಿ ಮಾಡಿ ಎಂದರು. ಓಡಾಡಿ, ಮುಖ್ಯರಸ್ತೆಯಲ್ಲೇ ಇನ್ನೊಂದು ಕಟ್ಟಡ ಗೊತ್ತುಮಾಡಿದೆ. ಆದರೆ ಮಂಡಳಿ ಠರಾವು ಮಾಡದೆ ನಾನು ಕರಾರಿಗೆ ಸಹಿ ಹಾಕುವಂತಿರಲಿಲ್ಲ. ಠರಾವಿಗೆ ಕೋರಂ, ಅಂದರೆ ಕನಿಷ್ಠ ನಾಲ್ವರ ಹಾಜರಿ, ಬೇಕು. ಕಟ್ಟಡದ ವಿವರ, ಸಭೆಯ ದಿನ ಗ್ರೂಪಿಗೆ ಹಾಕಿದಾಗ ಏಳೂ ಜನ ಹೆಬ್ಬೆರಳಿನ ಚಿತ್ರ ಒತ್ತಿದ್ದರು. ಸಭೆಗೆ ಬಂದವರು ಇಬ್ಬರು. ಶಾಲೆ ಶುರುವಾಗಿ ಮೂವತ್ತೆರಡು ಮಕ್ಕಳು ಪೆಟ್ಟಿಗೆ ಸಮೇತ ಬಂದು ನಿಂತರೆ ಎಲ್ಲಿ ಮಲಗಿಸಲಿ?

ಮರುದಿನ ಪುಸ್ತಕ ಹಿಡಿದು ಬಸ್ ಹತ್ತಿದೆ. ಉಬ್ರಾಣಿಯ ಸದಸ್ಯರಾದ ರುದ್ರಪ್ಪ ಮೇಷ್ಟ್ರು ಮಂಡಕ್ಕಿ ತಿನ್ನಿಸಿ, ಚಹಾ ಕುಡಿಸಿ, ಮಳೆ-ಬೆಳೆಯೆಲ್ಲ ಮಾತಾಡಿದರು. ಸಭೆಯ ಸುದ್ದಿ ಮಾತ್ರ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ, "ಯಾಕೆ ಸರ್ ಬರಲಿಲ್ಲ?"

"ನೀವು ಎಲ್ಲಿ ಕರೆದ್ರಿ ಮೇಡಂ? ತಿಳಿಸಿದ್ರಿ, ಅಷ್ಟೆ."

ನಾನು ಪುಸ್ತಕ ಬಿಡಿಸಿ ಮುಂದಿಟ್ಟೆ. ಅವರು ಸಹಿ ಹಾಕಿಕೊಟ್ಟರು.

ಸೂರಗೊಂಡನಕೊಪ್ಪದ ಸೀತಾಬಾಯಿ ನಿವೃತ್ತ ನರ್ಸ್, ಮಂಡಳಿಯ ಹಿರಿಯ ಸದಸ್ಯೆ. ಪೆನ್ನು ತೆಗೆದವರು ಸಹಿ ಹಾಕದೆ ಕೇಳಿದರು. "ಅಲ್ಲವ್ವಾ, ಆ ಕಟ್ಟಡದ ಗೇಟು ನೆಟ್ಟಗೆ ರೋಡಿಗೇ ಐತಲ್ಲ. ಲಾರಿಯೋನು ಹಾರ್ನ್ ಹೊಡೆದ್ರೆ ನಮ್ಮ ಹುಡುಗ್ರಿಗೆ ಹೆಂಗೆ ಗೊತ್ತಾಗ್ಬೇಕು?"

ಹದಿನೆಂಟು ವರ್ಷ ಇಂಥ ಮಕ್ಕಳಿಗೆ ಪಾಠ ಹೇಳಿದವಳು ನಾನು! ಬಸ್ ನಿಲ್ದಾಣ ಹತ್ತಿರ ಎಂದು ಹಿಗ್ಗಿದ್ದೆನೇ ಹೊರತು ಇದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. "ಗ್ರೂಪಿನಲ್ಲಿ ಯಾಕಮ್ಮ ಹೇಳಲಿಲ್ಲ?" ಎಂದೆ.

"ಹೊಸದಾಗಿ ಬಂದೋರ ತಪ್ಪನ್ನ ಎಲ್ಲರ ಮುಂದೆ ಎತ್ತಿ ಆಡಾಕೆ ಆಗ್ತದೇನವ್ವಾ? ಮನೆಗೆ ಬಂದಾಗ ಹೇಳೋಣ ಅಂತಿದ್ದೆ. ನೀನು ಬರಲೇ ಇಲ್ಲ."

ಮುಂದೆ ಹೊನ್ನಾಳಿಯ ಸದಸ್ಯರ ಮನೆಗೆ ಹೋಗಿ ಗೇಟಿನ ವಿಷಯ ಹೇಳಿದೆ. ಹೊಸ ಕಟ್ಟಡದ ಮಾಲೀಕರು ಅವರಿಗೆ ಬೇಕಾದವರು. ಈ ಸದಸ್ಯರು ಹೇಳಿದ ಮೇಲೆ ಮುಂದಿನ ಗೇಟು ಮುಚ್ಚಿ, ಹಿಂದಿನ ಓಣಿಗೆ ಬಾಗಿಲು ತೆಗೆಸಲು ಮಾಲೀಕರು ಒಪ್ಪಿದರು. ಮುಂದಿನ ಸಭೆಗೆ ಏಳೂ ಜನ ಬಂದರು. ಅರ್ಧ ಗಂಟೆಯಲ್ಲಿ ಠರಾವಾಯಿತು. ಮಾತೆಲ್ಲ ಮನೆಗಳಲ್ಲೇ ಮುಗಿದಿತ್ತಲ್ಲ! ಆ ಜೂನ್‌ನಲ್ಲಿ ಮಕ್ಕಳು ಪೆಟ್ಟಿಗೆ ಹೊತ್ತು ಓಣಿಯ ಬಾಗಿಲಿನಿಂದ ಒಳಗೆ ಬಂದಾಗ ಆದ ಸಂತೋಷ ಇಷ್ಟಿಷ್ಟಲ್ಲ.

ಮಂಡಳಿಯವರ ಒಪ್ಪಿಗೆಗಿಂತ ಮೊದಲು ಅವರ ಅನುಮಾನ ಕೇಳಿಸಿಕೊಳ್ಳಬೇಕು, ಅದಕ್ಕೆ ಅವರ ಮನೆಯಲ್ಲಿ ಕೂರುವಷ್ಟು ಪುರುಸೊತ್ತು ಇರಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಈಗ ನಾನೂ ಆ ಮಂಡಳಿಯ ಸದಸ್ಯೆ. ಮೊನ್ನೆ ಹೊಸ ಕಾರ್ಯದರ್ಶಿ ಮೊಬೈಲಿಗೇ ನೋಟಿಸ್ ಕಳಿಸಿದ. ನಾನು ಹೆಬ್ಬೆರಳು ಒತ್ತಲಿಲ್ಲ, ಫೋನ್ ಮಾಡಿದೆ.

"ಆ ಪುಸ್ತಕ ಬೀರುವಿನಾಗೆ ಇಟ್ಟಿರ್ತೀಯ, ನಂಗೊತ್ತು. ತಗೊಂಡು ಮನೆಗೆ ಬಾರಪ್ಪ, ಚಹಾ ಇಡ್ತೀನಿ."