ಮಳೆಯಲ್ಲಿ ಒಣಗಹಾಕಿದ ಕೆಂಪು ಹೊದಿಕೆ

ನಮ್ಮ ದೊಡ್ಡಪ್ಪನದು ಗಡಿಯ ಹೊಳೆಯಲ್ಲಿ ನೀರಿನ ಮಟ್ಟ ಅಳೆಯುವ ಕೆಲಸ. ಆಚೆ ದಡ ಬೇರೆ ದೇಶ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಅದು ತಲುಪುವ ಮೂರು ಗಂಟೆ ಮುಂಚೆ ಇವರಿಗೆ ಫೋನು ಬರುತ್ತದೆ. ಅದು ದೇಶದ ಭದ್ರತೆಯ ಗುಟ್ಟು, ಆಚೆಯವರಿಗೆ ಹೇಳಕೂಡದು ಎಂದು ಕಚೇರಿಯ ಗೋಡೆಯ ಮೇಲೇ ಬರೆದಿದೆ.

ಮೊದಲೆಲ್ಲ ಹತ್ತು ವರ್ಷಕ್ಕೊಮ್ಮೆ ನೆರೆ ಬರುತ್ತಿತ್ತು, ಗುಟ್ಟು ಕಾಯುವುದು ಸಲೀಸಾಗಿತ್ತು. ಈಗ ಕಾಲವಲ್ಲದ ಕಾಲದಲ್ಲಿ ಮಳೆ, ವರ್ಷಕ್ಕೆ ನಾಲ್ಕು ಸಲ ನೆರೆ. ಗೋಡೆಯ ಬರಹ ಮಾತ್ರ ಜಪ್ಪಯ್ಯ ಅಂದರೂ ಬದಲಾಗಿಲ್ಲ. ದೊಡ್ಡಪ್ಪ ಯಾರಿಗೂ ಏನೂ ಹೇಳುವುದಿಲ್ಲ. ಫೋನು ಬಂದ ಕೂಡಲೇ ಕಚೇರಿಯ ಮಹಡಿ ಹತ್ತಿ ಕೆಂಪು ಹೊದಿಕೆಯೊಂದನ್ನು ಒಣಗಹಾಕುತ್ತಾರೆ. ಆಚೆ ದಡದವರಿಗೆ ಅಷ್ಟು ಸಾಕು.

"ಮನೇಲಿದ್ದಿದ್ದೇ ಒಂದು ಒಳ್ಳೇ ಹೊದಿಕೆ, ಅದನ್ನೂ ದೇಶಕ್ಕೆ ಕೊಟ್ಬಿಟ್ರು. ಅದೂ ಪಕ್ಕದ ದೇಶಕ್ಕೆ!" ಎಂದು ದೊಡ್ಡಮ್ಮ ಗೊಣಗುತ್ತಾರೆ.

ಮೊನ್ನೆ ಹೊಸ ಭದ್ರತಾ ಅಧಿಕಾರಿ ತಪಾಸಣೆಗೆ ಬಂದಾಗಲೇ ಫೋನು ಬಂತು. ದೊಡ್ಡಪ್ಪ ಹೊದಿಕೆ ಹಿಡಿದು ಹೊರಟೇಬಿಟ್ಟರು. ಅಧಿಕಾರಿಯೂ ಹಿಂದೆಯೇ ಹತ್ತಿದರು. ಊಟದ ಡಬ್ಬಿ ತಂದಿದ್ದ ನಾನೂ ಅವರ ಹಿಂದೆ ಓಡಿದೆ.

"ಏನ್ರೀ ಇದು, ಸುರಿಯೋ ಮಳೇಲಿ ಯಾರಾದ್ರೂ ಬಟ್ಟೆ ಒಣಗಾಕ್ತಾರಾ?"

"ನಾನು ಹಾಕ್ತೀನಿ ಸಾರ್," ಎಂದರು ದೊಡ್ಡಪ್ಪ. "ಗೋಡೆ ಮೇಲೆ ಬಟ್ಟೆ ವಿಷಯ ಏನೂ ಬರೆದಿಲ್ಲ."

ಅಧಿಕಾರಿ, ಶತ್ರುವಿನ ಮೇಲೆ ಕಣ್ಣಿಡಲೆಂದು ಕೊಟ್ಟಿದ್ದ ದುರ್ಬೀನು ಎತ್ತಿ ಆಚೆ ನೋಡಿದರು. ಅಲ್ಲಿ ಜನ ಹಾಸಿಗೆ, ಮಕ್ಕಳು, ಒಂದು ಹೊಲಿಗೆ ಯಂತ್ರ ಹೊತ್ತು ದಿಬ್ಬ ಹತ್ತುತ್ತಿದ್ದರು. ಅಜ್ಜಿಯೊಬ್ಬರು ನಡುವೆ ನಿಂತು ನಮ್ಮತ್ತ ಕೈ ಬೀಸಿದರು. ಅಧಿಕಾರಿ ತುಂಬಾ ಹೊತ್ತು ದುರ್ಬೀನು ಇಳಿಸಲಿಲ್ಲ.

"ಗಾಳಿ ಜೋರಾಗಿದೆ," ಎಂದರು ಕೊನೆಗೆ. "ಹಾರಿ ಹೋದೀತು, ಕ್ಲಿಪ್ ಹಾಕ್ರೀ."