ಮಾವ ಕೊಟ್ಟ ಬಂಗಾರದ ವಾಚು

ನಿಮ್ಮಪ್ಪ ಕೊಟ್ಟ ವಾಚು ನಿಜವಾದ ಬಂಗಾರದ್ದೇ, ಸರೋಜಾ. ಗಿಲೀಟಿನದು ಅಂದವನು ನಾನು — ತಪ್ಪಾಗಿ ಅಂದೆ. ತಪ್ಪೆಂದು ತಿಳಿದ ಮೇಲೂ ಬಾಯಿ ಬಿಡಲಿಲ್ಲ.

ನಮ್ಮ ಮೊದಲ ದೀಪಾವಳಿ. ಹೊಸ ಅಳಿಯನೆಂದು ನನ್ನನ್ನು ಧಾರವಾಡಕ್ಕೆ ಕರೆಸಿ, ಆರತಿ ಮಾಡಿ, ಬಂಧುಗಳೆಲ್ಲರ ಮುಂದೆ ಆ ಸ್ವಿಸ್ ವಾಚನ್ನು ಅವರೇ ನನ್ನ ಕೈಗೆ ಕಟ್ಟಿದರು. ಹತ್ತಿ ವ್ಯಾಪಾರದ ಮನುಷ್ಯ, ಮುಂಬೈಗೆ ಹೋಗಿ ಆಸೆಪಟ್ಟು ಆರಿಸಿ ತಂದದ್ದು. ನಾನೋ ಹುಬ್ಬಳ್ಳಿಯ ಬಂಗಾರದ ಅಂಗಡಿಯವನು — ಬಳೆ, ಸರ ನೋಡಿ ನೋಡಿ ಕಣ್ಣು ಪಳಗಿದೆ ಎಂಬ ಸೊಕ್ಕು. ವಾಚು ಬಿಚ್ಚಿ, ಹಿಂದೆ ತಿರುಗಿಸಿ, ನಮ್ಮ ಇಪ್ಪತ್ತೆರಡು ಕ್ಯಾರೆಟ್ ಒಡವೆಗಳ ಮೇಲಿರುವ 916ರ ಮುದ್ರೆ ಹುಡುಕಿದೆ. ಇರಲಿಲ್ಲ. ಬಣ್ಣವೂ ತುಸು ಕೆಂಪು. ನಗುತ್ತಲೇ ಅಂದೆ:

"ಮಾಮಾರ, ನಿಮಗ ಯಾರೋ ಟೋಪಿ ಹಾಕ್ಯಾರ್ರಿ. ಇದು ಬರೇ ಗಿಲೀಟ್."

ಅವರ ಮುಖ ಸಪ್ಪಗಾಯಿತು. ನೀನು ನನ್ನ ಮಾತು ನಂಬಿ ಅವರ ಮೇಲೆ ಹರಿಹಾಯ್ದೆ — "ಎಲ್ಲಾರ ಮುಂದ ನನ್ನ ಮಾನ ಕಳದಿಯಲ್ಲ ಅಪ್ಪಾ!" ಆಮೇಲೆ ತವರಿಗೆ ಹೋದರೂ ನೀನು ಅವರೊಂದಿಗೆ ಮನಬಿಚ್ಚಿ ಮಾತಾಡಲಿಲ್ಲ.

ಕೆಲ ವರ್ಷಗಳ ನಂತರ, ಯಾರಿಗಾದರೂ ಕೊಟ್ಟುಬಿಡೋಣವೆಂದು ಅಂಗಡಿಯಲ್ಲಿ ಕೂತು ಅದರ ಪಟ್ಟಿ ಬಿಚ್ಚಿದೆ. ಪಟ್ಟಿಯ ಮರೆಯಲ್ಲಿ, ಭೂತಗನ್ನಡಿ ಹಿಡಿದರಷ್ಟೇ ಕಾಣುವ 750 — ಪಕ್ಕದಲ್ಲೊಂದು ನಾಯಿಯ ತಲೆ. ಹದಿನೆಂಟು ಕ್ಯಾರೆಟ್ ಬಂಗಾರವೆಂದು ಸ್ವಿಸ್ ದೇಶದವರು ಒತ್ತುವ ಮುದ್ರೆ. ಬಂಗಾರ ಗಟ್ಟಿಯಾಗಲೆಂದು ತಾಮ್ರ ಬೆರೆಸುತ್ತಾರೆ, ಅದಕ್ಕೇ ಆ ಕೆಂಪು. ಒರೆಗಲ್ಲಿಗೂ ಹಚ್ಚಿ ನೋಡಿದೆ. ಅಂಥ ಚೆಲುವಾದ ವಸ್ತು ನನ್ನ ಅಂಗಡಿಯಲ್ಲಿ ಇನ್ನೊಂದು ಇರಲಿಲ್ಲ.

ನಿಮ್ಮಪ್ಪನಿಗೆ ಹೇಳಲೆಂದು ಫೋನು ಎತ್ತಿಕೊಂಡೆ. ಮತ್ತೆ ಇಟ್ಟೆ. ಬಂಗಾರ ಗುರುತಿಸಲಾರದ ಬಂಗಾರದವನು ಎಂದು ಪೇಟೆಯವರೆಲ್ಲ ನಕ್ಕರೆ — ಇಷ್ಟೇ ನನ್ನ ಭಯ. ಇಷ್ಟಕ್ಕೇ...

ಮನೆಗೆ ಬಂದಾಗಲೆಲ್ಲ ಅವರು ಕೇಳುತ್ತಿದ್ದರು: "ಅಳಿಯಂದ್ರ, ಬ್ಯಾರೆ ವಾಚ್ ತಂದುಕೊಡ್ಲೇನ್ರಿ?" ನಾನು ದೊಡ್ಡ ಮನಸ್ಸಿನವನಂತೆ, "ಇರ್ಲಿ ಬಿಡ್ರಿ ಮಾಮಾರ" ಅನ್ನುತ್ತಿದ್ದೆ. ನೀನು ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದೆ. ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಸ್ಪತ್ರೆಯಲ್ಲಿ, ಕೊನೆಗೆ, ಅವರು ನಿನ್ನ ಕೈ ಹಿಡಿದುಕೊಂಡು, "ಸರೂ, ನಾ ಬೇಕಂತ ಮಾಡಿಲ್ಲವ್ವಾ" ಅಂದರು. "ಹೋಗ್ಲಿ ಬಿಡು ಅಪ್ಪಾ, ಮಾಫ್ ಮಾಡೇನಿ" ಅಂದೆ ನೀನು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಅವರಿಗಿನ್ನೂ ಕಿವಿ ಕೇಳುತ್ತಿತ್ತು — ನಾನು ಸುಮ್ಮನಿದ್ದೆ.

ಮಾಡದ ತಪ್ಪಿಗೆ ಮಗಳಿಂದ ಮಾಫಿ ಪಡೆದುಕೊಂಡು ಅವರು ಹೋದರು. ಇನ್ನು ಅವರಿಗೆ ತಿಳಿಸುವ ದಾರಿ ನನಗೂ ಇಲ್ಲ, ನಿನಗೂ ಇಲ್ಲ. ನಾನು ಮಾತ್ರ ನಿನ್ನಲ್ಲಿ ಕ್ಷಮೆ ಕೇಳಲಾರೆ.